ಒರೆಸಿದಷ್ಟೂ ಮಸುಕಾಗುವ ಗಾಜು

ಉಪಜಿಲ್ಲಾ ಶಾಸ್ತ್ರಮೇಳದ ದಿನ. ಹೊರಗೆ ತುಲಾ ತಿಂಗಳ ಮಳೆ. ಎಂಟನೇ ಕ್ಲಾಸಿನ ಮೂವರು ಮಕ್ಕಳು ನನ್ನ ಕಾರಿನ ಹಿಂದಿನ ಸೀಟಿನಲ್ಲಿದ್ದರು. ಕಿಟಕಿಯ ಗಾಜಿಗೆ ಉಸಿರು ಬಿಡುವುದು, ಬೆರಳಿನಲ್ಲಿ ಹೆಸರು ಬರೆಯುವುದು, ಮಾಸಿದ ಮೇಲೆ ಪುನಃ ಬರೆಯುವುದು, ಇದೇ ಅವರ ಆಟ. ಮರುದಿನ ಕಾರು ಹತ್ತಿದ ಕೂಡಲೇ ಒಬ್ಬಳು ಕೂಗಿದಳು, "ಟೀಚರ್, ನಿನ್ನೆ ಮಾಸಿಹೋದ ನನ್ನ ಹೆಸರು ಪುನಃ ಬಂತು!"

"ಉಸಿರು ಬಿಟ್ಟೆಯಾ?" ಎಂದೆ.

"ಹೌದು ಟೀಚರ್. ಉಸಿರು ಬಿಟ್ಟ ಕೂಡಲೇ ಬಂತು. ಎಂತ ಮ್ಯಾಜಿಕ್ ಇದು?"

ಆಗ ಉತ್ತರ ಹೇಳಲು ಸಮಯ ಇರಲಿಲ್ಲ. ಆದರೆ ಅದೇ ದಿನ ಸಂಜೆ ಆ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು.

ಮೇಳ ಮುಗಿಸಿ ಚೆರ್ಕಳ ಕಡೆಯಿಂದ ನಾಯ್ಮಾರ್ಮೂಲೆಗೆ ಬರುತ್ತಿದ್ದೆವು. ಗಂಟೆ ಐದೂವರೆ. ಈ ದಾರಿ ಪಡುವಣಕ್ಕೆ ಮುಖ ಮಾಡಿದೆ, ಸೂರ್ಯ ನೇರ ಎದುರಿಗೆ. ಒಂದು ತಿರುವು ದಾಟಿದ್ದೇ ತಡ, ಎದುರಿನ ಗಾಜು ಪೂರ್ತಿ ಬೆಳ್ಳಗಾಯಿತು. ಹಾಲು ಚೆಲ್ಲಿದ ಹಾಗೆ. ರಸ್ತೆ ಕಾಣಲಿಲ್ಲ. "ಟೀಚರ್, ಹುಡುಗ!" ಎಂದು ಹಿಂದಿನಿಂದ ಮಕ್ಕಳು ಕಿರುಚಿದರು. ಬ್ರೇಕ್ ಒತ್ತಿದೆ. ಬ್ಯಾಗ್ ಹಾಕಿಕೊಂಡ ಒಬ್ಬ ಹುಡುಗ ಕಾರಿನ ಎದುರು ಎರಡು ಮಾರು ದೂರದಲ್ಲಿ ರಸ್ತೆ ದಾಟುತ್ತಿದ್ದ. ಅವನಿಗೆ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ಮನೆ ತಲುಪುವವರೆಗೂ ನಡುಗುತ್ತಿತ್ತು.

ಹೆದ್ದಾರಿ ಕೆಲಸದ ಕೆಂಪು ಧೂಳು ಕೂತಿರಬೇಕು ಎಂದುಕೊಂಡು ಮನೆಯಲ್ಲಿ ಗಾಜಿನ ಹೊರಮೈಯನ್ನು ಚೆನ್ನಾಗಿ ತೊಳೆದೆ. ಒಳಗಡೆಯನ್ನು ಹಳೆಯ ಬೈರಾಸು ಚಂಡಿ ಮಾಡಿ ಒರೆಸಿದೆ. ರಾತ್ರಿ ಅಂಗಡಿಗೆಂದು ಕಾರು ತೆಗೆದರೆ ಮೊದಲಿಗಿಂತ ಕಷ್ಟ! ಎದುರಿನಿಂದ ಬರುವ ಪ್ರತಿಯೊಂದು ಹೆಡ್‌ಲೈಟಿಗೂ ಉದ್ದನೆಯ ಬೆಳಕಿನ ಬಾಲ ಹುಟ್ಟಿಕೊಂಡಿತ್ತು. ಒರೆಸಿದ ಮೇಲೆ ಗಾಜು ಹೆಚ್ಚು ಕೊಳೆಯಾಗುವುದು ಹೇಗೆ?

ಗಾಜಿನ ಒಳಗೆ ಇರುವುದು ಧೂಳಲ್ಲ

ಕಾರಿನ ಒಳಮೈ ಗಾಜಿಗೆ ಮಳೆ ಬೀಳುವುದಿಲ್ಲ, ಕೆಸರು ಹಾರುವುದಿಲ್ಲ. ಆದರೂ ಕೆಲವೇ ವಾರಗಳಲ್ಲಿ ಅದರ ಮೇಲೆ ತೆಳ್ಳಗಿನ ಜಿಡ್ಡಿನ ಪದರ ಕೂರುತ್ತದೆ. ಅದು ಎಲ್ಲಿಂದ ಬರುತ್ತದೆ? ಒಂದಿಷ್ಟು ನಮ್ಮ ಬೆರಳು, ಅಂಗೈಗಳಿಂದ. ಚರ್ಮದಲ್ಲಿ ಯಾವಾಗಲೂ ಎಣ್ಣೆಯ ಅಂಶ ಇರುತ್ತದೆ. ಇನ್ನೊಂದಿಷ್ಟು ಸ್ವತಃ ಕಾರಿನಿಂದಲೇ ಬರುತ್ತದೆ.

ಡ್ಯಾಶ್‌ಬೋರ್ಡ್, ಸೀಟು, ಬಾಗಿಲಿನ ಒಳಹೊದಿಕೆಗಳಲ್ಲಿ ಪಿವಿಸಿಯಂಥ ಪ್ಲಾಸ್ಟಿಕ್ ಬಳಸುತ್ತಾರೆ. ಪಿವಿಸಿ ಮೂಲತಃ ಗಟ್ಟಿ. ಅದನ್ನು ಮೆದುವಾಗಿಸಲು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ ಬೆರೆಸುತ್ತಾರೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಡ್ಯಾಶ್‌ಬೋರ್ಡ್ ಕೈ ಇಡಲಾಗದಷ್ಟು ಕಾಯುತ್ತದೆ ಅಲ್ವಾ? ಆಗ ಈ ದ್ರವ ಅಲ್ಪಸ್ವಲ್ಪವಾಗಿ ಆವಿಯಾಗುತ್ತದೆ. ಗಾಜು ತಣಿದ ಮೇಲೆ ಅದರ ಮೇಲೆಯೇ ಸಾಂದ್ರೀಕರಣಗೊಂಡು ಅಂಟಿಕೊಳ್ಳುತ್ತದೆ. ಕಾರು ತಯಾರಕರಿಗೆ ಇದು ಗೊತ್ತಿರುವ ವಿಷಯವೇ. ಇದಕ್ಕೆ ಅವರಿಟ್ಟ ಹೆಸರು ಫಾಗಿಂಗ್. ಜರ್ಮನಿಯ ಡಿಐಎನ್ 75201 ಎಂಬ ಮಾನದಂಡದ ಒಂದು ಪರೀಕ್ಷೆಯಲ್ಲಿ ಡ್ಯಾಶ್‌ಬೋರ್ಡಿನ ವಸ್ತುವಿನ ತುಂಡನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಗಂಟೆ ಕಾಯಿಸಿ, ಮೇಲಿಟ್ಟ ತಣ್ಣನೆಯ ಗಾಜು ಎಷ್ಟು ಮಸುಕಾಯಿತು ಎಂದು ಅಳೆಯುತ್ತಾರೆ.

ಈ ಪದರ ಎಷ್ಟು ತೆಳು? ನೀವೇ ಲೆಕ್ಕ ಹಾಕಿ. ಒಂದು ಹನಿ ಎಣ್ಣೆ 0.05 ಘನ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಎದುರಿನ ಗಾಜು ಒಂದು ಚದರ ಮೀಟರ್, ಅಂದರೆ 10,000 ಚದರ ಸೆಂಟಿಮೀಟರ್. ಭಾಗಿಸಿದರೆ 0.000005 ಸೆಂಟಿಮೀಟರ್, ಅಂದರೆ 50 ನ್ಯಾನೋಮೀಟರ್. ನಮ್ಮ ತಲೆಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿನಷ್ಟೂ ಇಲ್ಲ! ಒಂದೇ ಹನಿ ಇಡೀ ಗಾಜಿಗೆ ಸಾಕು.

ಹಗಲು ಕಾಣದ್ದು ಸಂಜೆ ಕಾಣುವುದೇಕೆ?

ನಮ್ಮ ದೇಶದ ಮೋಟಾರು ವಾಹನ ನಿಯಮ 100ರ ಪ್ರಕಾರ ಕಾರಿನ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ 70 ಶೇಕಡಾ, ಪಕ್ಕದ ಗಾಜು ಕನಿಷ್ಠ 50 ಶೇಕಡಾ ಬೆಳಕನ್ನು ಒಳಗೆ ಬಿಡಬೇಕು. ಜಿಡ್ಡು ಹಿಡಿದ ಗಾಜೂ ಹೆಚ್ಚಿನ ಬೆಳಕನ್ನು ಬಿಡುತ್ತದೆ. ಆದ್ದರಿಂದಲೇ ಹಗಲು ನಮಗೆ ಕೊಳೆ ಗೊತ್ತಾಗುವುದಿಲ್ಲ. ತೊಂದರೆ ಇರುವುದು ಬೆಳಕು ಕಡಿಮೆಯಾಗುವುದರಲ್ಲಿ ಅಲ್ಲ, ಬೆಳಕು ಚದರುವುದರಲ್ಲಿ.

ಕ್ಲಾಸಿನಲ್ಲಿ ಪ್ರೊಜೆಕ್ಟರ್ ಹಾಕಿದಾಗ ಯಾರಾದರೂ ಕಿಟಕಿ ತೆರೆದರೆ ಏನಾಗುತ್ತದೆ? ಚಿತ್ರ ಅಲ್ಲೇ ಇರುತ್ತದೆ, ಆದರೆ ಹೊರಗಿನ ಬೆಳಕು ಪರದೆಯ ಮೇಲೆ ಬಿದ್ದು ಚಿತ್ರ ಮಾಸುತ್ತದೆ. ಇಲ್ಲಿಯೂ ಅದೇ. ಸೂರ್ಯ ಅಥವಾ ಹೆಡ್‌ಲೈಟ್ ಎದುರಿಗಿದ್ದಾಗ ಗಾಜಿನ ಜಿಡ್ಡು ಆ ಬೆಳಕಿನ ಒಂದು ಚಿಕ್ಕ ಪಾಲನ್ನು ನಮ್ಮ ಕಣ್ಣಿನ ಕಡೆಗೆ ಚದರಿಸುತ್ತದೆ. ಸೂರ್ಯನ ಬೆಳಕಿನ ಚಿಕ್ಕ ಪಾಲೂ ದೊಡ್ಡದೇ. ನೆರಳಿನಲ್ಲಿ ನಡೆಯುವ ಹುಡುಗನಿಂದ ಬರುವ ಮಂದ ಬೆಳಕು ಅದರೆದುರು ಸೋಲುತ್ತದೆ. ಹುಡುಗ ರಸ್ತೆಯಲ್ಲಿಯೇ ಇದ್ದ, ನನಗೆ ಕಂಡದ್ದು ಗಾಜು ಮಾತ್ರ.

ಇನ್ನು ಆ ಬೆಳಕಿನ ಬಾಲ. ಒದ್ದೆ ಬಟ್ಟೆಯಿಂದ ಒರೆಸಿದಾಗ ಜಿಡ್ಡು ಹೋಗಲಿಲ್ಲ, ಬಟ್ಟೆ ಹೋದ ದಿಕ್ಕಿನಲ್ಲಿ ಸಾವಿರಾರು ಸಣ್ಣ ಗೆರೆಗಳಾಗಿ ಉಳಿಯಿತು. ಇಂಥ ಗೆರೆಗಳು ಬೆಳಕನ್ನು ತಮಗೆ ಅಡ್ಡಲಾಗಿ ಹರಡುತ್ತವೆ. ಗೆರೆ ಅಡ್ಡ ಇದ್ದರೆ ಬೆಳಕಿನ ಬಾಲ ಮೇಲೆ ಕೆಳಗೆ, ಗೆರೆ ಮೇಲಿನಿಂದ ಕೆಳಕ್ಕೆ ಇದ್ದರೆ ಬಾಲ ಎಡಕ್ಕೆ ಬಲಕ್ಕೆ.

ಪಾತ್ರೆ ತೊಳೆಯುವಲ್ಲಿ ಹುಟ್ಟಿದ ವಿಜ್ಞಾನ

ನೀರಿಗೂ ಎಣ್ಣೆಗೂ ಹೊಂದಿಕೆ ಇಲ್ಲ. ಮಧ್ಯಸ್ಥಿಕೆಗೆ ಸಾಬೂನು ಬೇಕು. ಸಾಬೂನಿನ ಅಣುವಿನ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಎಣ್ಣೆಯನ್ನು. ಎಣ್ಣೆಯನ್ನು ಸಣ್ಣ ಸಣ್ಣ ಉಂಡೆ ಮಾಡಿ ನೀರಿನಲ್ಲಿ ತೇಲಿಸುತ್ತದೆ.

ನೀರಿನ ಮೇಲ್ಮೈಯಲ್ಲಿ ಜಿಡ್ಡು ಏನು ಮಾಡುತ್ತದೆ ಎಂದು ನಿಖರವಾಗಿ ಅಳೆದವರಲ್ಲಿ ಮೊದಲಿಗರು ಜರ್ಮನಿಯ ಆಗ್ನೆಸ್ ಪೊಕೆಲ್ಸ್. ಹುಟ್ಟಿದ್ದು 1862ರಲ್ಲಿ. ಆಗ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಇರಲಿಲ್ಲ. ಮನೆಗೆಲಸ ಮಾಡುತ್ತಾ, ತಮ್ಮ ಕೊಡುತ್ತಿದ್ದ ಭೌತಶಾಸ್ತ್ರದ ಪುಸ್ತಕ ಓದುತ್ತಾ, ಅಡುಗೆಮನೆಯಲ್ಲಿ ಒಂದು ತಗಡಿನ ತೊಟ್ಟಿ ಇಟ್ಟು ಅವರು ಪ್ರಯೋಗ ಮಾಡಿದರು. ಫಲಿತಾಂಶಗಳನ್ನು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ‍್ಯಾಲೆಗೆ ಪತ್ರದಲ್ಲಿ ಬರೆದರು. ರ‍್ಯಾಲೆ ಆ ಪತ್ರವನ್ನು 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದರು.

ಆಕಾಶ ಏಕೆ ನೀಲಿ ಎಂದು ಓದುವಾಗ ಬರುವ ರ‍್ಯಾಲೆ ಇವರೇ. 1911ರಲ್ಲಿ ಅದೇ ಪತ್ರಿಕೆಯಲ್ಲಿ ಅವರು ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವ ಚಿತ್ರಗಳ ಬಗ್ಗೆಯೂ ಬರೆದರು. ಅಂದರೆ ನಮ್ಮ ಎಂಟನೇ ಕ್ಲಾಸಿನವಳ ಪ್ರಶ್ನೆ ನೂರು ವರ್ಷ ಹಳೆಯದು! ಉತ್ತರ ಇಷ್ಟೇ: ಬೆರಳು ಮುಟ್ಟಿದಲ್ಲಿ ಜಿಡ್ಡಿನ ಪದರ ಬದಲಾಗಿರುತ್ತದೆ. ಉಸಿರಿನ ತೇವ ಅಲ್ಲಿ ಒಂದು ರೀತಿ, ಪಕ್ಕದಲ್ಲಿ ಇನ್ನೊಂದು ರೀತಿ ಹನಿಗಟ್ಟುತ್ತದೆ. ಆ ವ್ಯತ್ಯಾಸವೇ ಅಕ್ಷರವಾಗಿ ಕಾಣುತ್ತದೆ. ನಿಜವಾಗಿ ಶುದ್ಧವಾದ ಗಾಜಿನ ಮೇಲೆ ಹೆಸರು ಪುನಃ ಬರಲಾರದು.

ಸರಿಯಾಗಿ ಒರೆಸುವುದು ಹೇಗೆ?

1. ಕಾರು ನೆರಳಿನಲ್ಲಿರಲಿ, ಎಂಜಿನ್ ಬಂದ್ ಆಗಿರಲಿ, ಗಾಜು ತಣ್ಣಗಿರಲಿ. ಬಿಸಿ ಗಾಜಿನ ಮೇಲೆ ನೀರು ಬೇಗ ಆರಿ ಸಾಬೂನು, ಲವಣ ಅಲ್ಲೇ ಕಲೆಯಾಗಿ ಉಳಿಯುತ್ತವೆ.

2. ಮೂರು ಬಟ್ಟೆ ಬೇಕು. ಮೈಕ್ರೋಫೈಬರ್ ಒಳ್ಳೆಯದು. ಅದರ ನೂಲಿನ ಎಳೆಗಳು ಬಹಳ ಸಪೂರ, ಜಿಡ್ಡನ್ನು ತಳ್ಳುವ ಬದಲು ಎಳೆಗಳ ನಡುವೆ ಸೆಳೆದುಕೊಳ್ಳುತ್ತವೆ. ಇಲ್ಲದಿದ್ದರೆ ಹಲವು ಸಲ ಒಗೆದ, ನಾರು ಬಿಡದ ಹತ್ತಿಬಟ್ಟೆ ಆಗಬಹುದು. ಬಟ್ಟೆ ಮೆದುವಾಗಲು ಹಾಕುವ ಕಂಡೀಷನರ್ ಮಾತ್ರ ಬೇಡ, ಅದೇ ಗಾಜಿಗೆ ಹತ್ತುತ್ತದೆ.

3. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡೇ ಹನಿ. ಹೆಚ್ಚು ಹಾಕಿದರೆ ಹೆಚ್ಚು ಶುದ್ಧ ಆಗುವುದಿಲ್ಲ, ಸಾಬೂನೇ ಹೊಸ ಕೊಳೆಯಾಗುತ್ತದೆ. ಮೊದಲನೇ ಬಟ್ಟೆಯನ್ನು ಇದರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಆಗಾಗ ಹೊಸ ಮುಖ ತಿರುಗಿಸಿ. ನನ್ನ ಬೈರಾಸಿನ ತಪ್ಪು ಇಲ್ಲೇ ಇದ್ದದ್ದು: ಸಾಬೂನು ಇರಲಿಲ್ಲ, ಒಂದೇ ಮುಖದಲ್ಲಿ ಇಡೀ ಗಾಜು ಒರೆಸಿದ್ದೆ.

4. ಎರಡನೇ ಬಟ್ಟೆ ಬರೀ ನೀರಿನದ್ದು. ಮಳೆನೀರು ಹಿಡಿದಿಟ್ಟದ್ದಿದ್ದರೆ ಉತ್ತಮ, ಅದರಲ್ಲಿ ಕರಗಿದ ಲವಣ ಬಹಳ ಕಡಿಮೆ. ನೀರನ್ನು ಗಾಜಿಗೆ ಎರಚಬೇಡಿ, ಕೆಳಗೆ ವಯರು, ಸ್ವಿಚ್ಚು ಇರುತ್ತವೆ.

5. ಮೂರನೆಯದು ಒಣ ಬಟ್ಟೆ. ಒಳಗಡೆ ಮೇಲಿನಿಂದ ಕೆಳಕ್ಕೆ, ಹೊರಗಡೆ ಎಡದಿಂದ ಬಲಕ್ಕೆ ಒರೆಸಿ. ಆಮೇಲೆ ಗೆರೆ ಕಂಡರೆ ಅದು ಒಳಗಿನದೋ ಹೊರಗಿನದೋ ಎಂದು ದಿಕ್ಕು ನೋಡಿಯೇ ಹೇಳಬಹುದು. ಹಿಂದಿನ ಗಾಜಿನ ಒಳಗೆ ಬಿಸಿಯಾಗುವ ತಂತಿಗೆರೆಗಳಿದ್ದರೆ ಮಾತ್ರ ಅವುಗಳ ಉದ್ದಕ್ಕೇ ಒರೆಸಬೇಕು.

6. ಡ್ಯಾಶ್‌ಬೋರ್ಡಿನ ಮೂಲೆಗೆ ಕೈ ಹೋಗುವುದಿಲ್ಲ ಅಲ್ವಾ? ನಿಮ್ಮ 30 ಸೆಂಟಿಮೀಟರ್ ಸ್ಕೇಲಿಗೆ ಬಟ್ಟೆ ಸುತ್ತಿ ತೂರಿಸಿ.

ಜಿಡ್ಡು ಹಳೆಯದಾಗಿದ್ದರೆ ಮೆಡಿಕಲ್ ಶಾಪಿನ ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿ ಒರೆಸಬಹುದು. ಅದು ಎಣ್ಣೆಯನ್ನು ಕರಗಿಸುತ್ತದೆ, ತಾನು ಬೇಗ ಆರಿಹೋಗುತ್ತದೆ. ಆದರೆ ಬೆಂಕಿ ಹತ್ತುವ ವಸ್ತು. ದೊಡ್ಡವರೇ ಮಾಡಲಿ, ಬಾಗಿಲು ತೆರೆದಿರಲಿ.

ಮಾಡಿ ನೋಡಿ

ಒಂದು: ಬಾವಿನೀರು, ಮಳೆನೀರು, ಸಾಬೂನುನೀರು, ಪ್ರತಿಯೊಂದರ ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಹಾಕಿ ಆರಲು ಬಿಡಿ. ಟಾರ್ಚ್ ಬೆಳಕಿನಲ್ಲಿ ಓರೆಯಾಗಿ ನೋಡಿ. ಯಾವುದು ಹೆಚ್ಚು ಕಲೆ ಬಿಟ್ಟಿತು?

ಎರಡು: ಇನ್ನೊಂದು ಸ್ಲೈಡಿಗೆ ಬೆರಳಲ್ಲಿ ಚೂರು ತೆಂಗಿನೆಣ್ಣೆ ಹಚ್ಚಿ ಒಂದೇ ದಿಕ್ಕಿಗೆ ಎಳೆಯಿರಿ. ಕತ್ತಲೆಯಲ್ಲಿ ಅದರ ಮೂಲಕ ದೂರದ ಒಂದು ಬಲ್ಬನ್ನು ನೋಡಿ. ಬೆಳಕಿನ ಬಾಲ ಯಾವ ಕಡೆಗಿದೆ? ಸ್ಲೈಡನ್ನು ನಿಧಾನ ತಿರುಗಿಸಿ. ಬಾಲವೂ ತಿರುಗುತ್ತದೆಯೇ? ಈ ಪ್ರಯೋಗದಲ್ಲಿ ಸೂರ್ಯನನ್ನು ಮಾತ್ರ ನೋಡಲೇಬೇಡಿ.

ಮೂರು: ಮನೆಯ ಕಾರು ಅಥವಾ ಜೀಪಿನ ಗಾಜಿಗೆ ಒಳಗಿನಿಂದ ಉಸಿರು ಬಿಟ್ಟು ನೋಡಿ. ಹಳೆಯ ಬೆರಳಚ್ಚು, ಒರೆಸಿದ ಗೆರೆ ಕಾಣುತ್ತದೆಯೇ? ಮೇಲೆ ಹೇಳಿದ ಹಾಗೆ ಒರೆಸಿ ಪುನಃ ಉಸಿರು ಬಿಡಿ. ಎರಡೂ ಸಲ ಕಂಡದ್ದನ್ನು ಸಯನ್ಸ್ ಕ್ಲಬ್ ಪುಸ್ತಕದಲ್ಲಿ ಚಿತ್ರ ಬರೆದು ಇಡಿ.

ಈಗ ನನ್ನ ಕಾರಿನಲ್ಲಿ ಮೂರು ಬಟ್ಟೆ ಯಾವಾಗಲೂ ಇರುತ್ತದೆ. ಮಕ್ಕಳು ಹಿಂದೆ ಕುಳಿತು ಈಗಲೂ ಹೆಸರು ಬರೆಯುತ್ತಾರೆ, ಬರೆಯಲಿ. ಆದರೆ ಶನಿವಾರ ಬಂದು ಒರೆಸುವ ಕೆಲಸವೂ ಅವರದ್ದೇ. ನೀವೂ ನಿಮ್ಮ ಅಪ್ಪನದ್ದೋ ಮಾವನದ್ದೋ ಗಾಡಿಯ ಎದುರಿನ ಗಾಜನ್ನು ಒಮ್ಮೆ ಒಳಗಿನಿಂದ ನೋಡಿ. ಸಂಜೆ ಶಾಲೆ ಬಿಟ್ಟು ರಸ್ತೆ ದಾಟುವವರು ನೀವೇ ತಾನೇ?