ಸೂಜಿಯ ಕಾಯಕ, ಮನಸ್ಸಿನ ಆರೋಗ್ಯ: ಕಸೂತಿಗೆ ನಿತ್ಯಸ್ಫೂರ್ತಿಯ ಸೆಲೆಗಳು

ದೇಹಕ್ಕೆ ಆಹಾರ, ನಿದ್ರೆ, ನಡಿಗೆಗಳು ಎಷ್ಟು ಅವಶ್ಯವೋ ಮನಸ್ಸಿಗೆ ಪ್ರೀತಿಯಿಂದ ಮಾಡುವ ಕೆಲಸವೊಂದು ಅಷ್ಟೇ ಅವಶ್ಯ. 12ನೆಯ ಶತಮಾನದ ಶರಣರು ಈ ಸತ್ಯವನ್ನು ಬದುಕಿ ತೋರಿಸಿದರು. ಮಣ್ಣು ತುಳಿದ ಕುಂಬಾರ ಗುಂಡಯ್ಯನವರು, ಬಿದಿರು ಸೀಳಿದ ಮೇದಾರ ಕೇತಯ್ಯನವರು, ಹಗ್ಗ ಹೊಸೆದ ನುಲಿಯ ಚಂದಯ್ಯನವರು, ಹೆಸರಿನಲ್ಲಿಯೇ ಸೂಜಿಯನ್ನು ಹೊತ್ತ ಸೂಜಿಕಾಯಕದ ರಾಮಿತಂದೆಯವರು ಇವರೆಲ್ಲರೂ ಕೈಗೆಲಸದವರೇ. ಶರಣೆ ಕದಿರ ರೆಮ್ಮವ್ವೆಯವರಂತೂ ತಾವು ತಿರುಗಿಸುವ ರಾಟೆಯ ಒಂದೊಂದು ಭಾಗದಲ್ಲಿಯೂ ದೈವತತ್ತ್ವವನ್ನು ಕಂಡು ವಚನ ರಚಿಸಿದರು. ರೂಪಕವನ್ನು ಅರಸಿಕೊಂಡು ಅವರು ದೂರ ಹೋಗಲಿಲ್ಲ. ದಿನವೂ ಕೈ ಮುಟ್ಟುತ್ತಿದ್ದ ರಾಟೆಯನ್ನೇ ಹೊಸ ಕಣ್ಣಿನಿಂದ ನೋಡಿದರು. ನಿತ್ಯಸ್ಫೂರ್ತಿ ಎಂದರೆ ಇದೇ.

ಈ ಮಾತನ್ನು ನಾವು ಈ ಸಂಚಿಕೆಯಲ್ಲಿ ಕಸೂತಿಗೆ ಅನ್ವಯಿಸಿ ನೋಡೋಣ. ನಮ್ಮ ಉತ್ತರ ಕರ್ನಾಟಕದ, ವಿಶೇಷವಾಗಿ ಧಾರವಾಡ ಸೀಮೆಯ ಎಷ್ಟೋ ಮನೆಗಳಲ್ಲಿ ತಾಯಂದಿರು ಮನೆಗೆಲಸ ತೀರಿದ ಮೇಲೆ ಸೂಜಿ ಹಿಡಿಯುತ್ತಾರೆ. ಕೆಲವರಿಗೆ ಅದು ಮನಸ್ಸಂತೋಷ, ಹಲವರಿಗೆ ಸಂಸಾರದ ಆಧಾರ. ಆದರೆ ಒಂದೇ ನಮೂನೆಯನ್ನು ನೂರು ಸಲ ಹೊಲಿದು ಉತ್ಸಾಹ ಬತ್ತಿದರೆ, ಮಂದ ಬೆಳಕಿನಲ್ಲಿ ದುಡಿದು ಕಣ್ಣು ಸೋತರೆ, ಅದೇ ಕೆಲಸ ಹೊರೆಯಾಗುತ್ತದೆ. ತಾಯಿಗೆ ಹೊರೆಯಾದುದನ್ನು ಮಗಳು ಕಲಿಯಲು ಒಪ್ಪುವುದಿಲ್ಲ. ಹೀಗೆ ಒಂದು ತಲೆಮಾರಿನ ದಣಿವಿನಿಂದ ಮುಂದಿನ ತಲೆಮಾರಿಗೆ ಒಂದು ವಿದ್ಯೆಯೇ ಇಲ್ಲವಾಗುತ್ತದೆ. ಆದುದರಿಂದ ಸ್ಫೂರ್ತಿಯನ್ನೂ ಶರೀರವನ್ನೂ ಒಟ್ಟಿಗೆ ಕಾಯ್ದುಕೊಳ್ಳುವ ಬಗೆಯನ್ನು ವಿಚಾರಿಸುವುದು ಉಚಿತ.

ನಾಲ್ಕೇ ಹೊಲಿಗೆಗಳ ಸಂಪತ್ತು

ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆಗಳುಂಟು. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆಯಷ್ಟು ಜಾಗ ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟ ಜಾಗವನ್ನು ತುಂಬುತ್ತ ಹಿಂದಿರುಗುತ್ತದೆ. ಮುರ್ಗಿಯೂ ಇದೇ ಕ್ರಮದ್ದು, ಆದರೆ ಅದರ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಅಂಕುಡೊಂಕಾಗಿ ಸಾಗುತ್ತದೆ. ನೇಗಿಯು ನೇಯ್ಗೆಯನ್ನು ಹೋಲುವ, ಉದ್ದ ಗಿಡ್ಡ ಎಳೆಗಳ ಹೊಲಿಗೆ. ಮೆಂತೆಯು ಅಡ್ಡ ಗೆರೆಗಳು ಒಂದನ್ನೊಂದು ದಾಟುವ ಹೊಲಿಗೆ. ಮೆಂತ್ಯದ ಕಾಳು ಹರಡಿದಂತೆ ಕಾಣುವುದರಿಂದ ಅದಕ್ಕೆ ಆ ಹೆಸರು.

ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಸಾಂಪ್ರದಾಯಿಕ ಕಸೂತಿಯಲ್ಲಿ ಇಲ್ಲ. ಹಾಸುಹೊಕ್ಕಿನ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಅಂಬಾರಿಯ ಆನೆ, ನಂದಿ, ನವಿಲು, ತೊಟ್ಟಿಲುಗಳನ್ನು ಮೂಡಿಸಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ ಮತ್ತು ಮುರ್ಗಿಗಳಲ್ಲಿ ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ ಬಗೆಯಾಗಿ ಕಾಣಬೇಕು. ಅಂತರಂಗ ಬಹಿರಂಗಗಳು ಒಂದಾಗಿರಬೇಕೆಂಬ ಶರಣರ ಆಶಯಕ್ಕೆ ನಮ್ಮ ತಾಯಂದಿರು ತಮಗರಿವಿಲ್ಲದೆಯೇ ಕೊಟ್ಟ ದೃಷ್ಟಾಂತವಿದು ಎಂದು ನಮಗೆ ತೋರುತ್ತದೆ.

ಹೊಲಿಗೆಗಳು ನಾಲ್ಕೇ, ನಿಯಮಗಳು ಬಿಗಿ. ಆದರೂ ನಮೂನೆಗಳಿಗೆ ಕೊನೆಯಿಲ್ಲ. ಏನು ಬೇಕಾದರೂ ಮಾಡಬಹುದೆಂಬಾಗ ಮನಸ್ಸು ಎಲ್ಲಿ ಆರಂಭಿಸಬೇಕೆಂದು ತಿಳಿಯದೆ ತಡವರಿಸುತ್ತದೆ. ಇಷ್ಟರಲ್ಲೇ ಮಾಡಬೇಕೆಂಬಾಗ ದಾರಿ ಹುಡುಕುತ್ತದೆ. ಹೊಸತನಕ್ಕೆ ಹೊಸ ಸಾಮಗ್ರಿ ಬೇಕೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಮನಸ್ಸಿಗೆ ಆಗುವ ಉಪಕಾರ

ಎಳೆ ಎಣಿಸುವಾಗ ಚಿತ್ತ ಅತ್ತಿತ್ತ ಸರಿದರೆ ನಮೂನೆ ತಪ್ಪುತ್ತದೆ. ಆದುದರಿಂದ ಗಮನ ತಾನಾಗಿಯೇ ಸೂಜಿಯ ಮೊನೆಗೆ ಬಂದು ನಿಲ್ಲುತ್ತದೆ. ಒಂದೇ ಲಯದಲ್ಲಿ ಕೈ ಆಡುತ್ತಿರುವಾಗ ಉಸಿರಾಟ ನಿಧಾನವಾಗುತ್ತದೆ, ಮತ್ತೆ ಮತ್ತೆ ಸುಳಿಯುವ ಚಿಂತೆಗಳಿಗೆ ಎಡೆ ಕಡಿಮೆಯಾಗುತ್ತದೆ. ಸಂಜೆಯ ಹೊತ್ತಿಗೆ ಕಣ್ಣಮುಂದೆ ಒಂದು ಬುಟ್ಟಾ ಸಿದ್ಧವಾಗಿರುವುದು, ನನ್ನಿಂದ ಒಂದು ಕೆಲಸ ಪೂರ್ಣವಾಯಿತೆಂಬ ಸಮಾಧಾನವನ್ನು ತರುತ್ತದೆ. ಒಂಟಿತನದಲ್ಲಿರುವ ಹಿರಿಯರಿಗೆ, ಮಕ್ಕಳು ದೂರದೂರಿಗೆ ಹೋದ ಮೇಲೆ ಮನೆ ಬರಿದೆನಿಸುವ ತಾಯಂದಿರಿಗೆ ಈ ಸಮಾಧಾನ ಸಣ್ಣದಲ್ಲ.

ಆದರೆ ಇದು ಔಷಧಕ್ಕೆ ಬದಲಿಯಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಎರಡು ವಾರಗಳಿಗೂ ಮೀರಿ ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ, ನಿದ್ರೆ ಆಹಾರಗಳು ಏರುಪೇರಾದರೆ, ಬದುಕೇ ಬೇಡವೆನಿಸಿದರೆ ಅದು ಬರಿಯ ಬೇಸರವಲ್ಲ, ಕಾಯಿಲೆ ಇರಬಹುದು. ಸಂಕೋಚಪಡದೆ ವೈದ್ಯರನ್ನು ಕಾಣಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿಯೂ ಸಲಹೆ ಪಡೆಯಬಹುದು.

ಸ್ಫೂರ್ತಿ ಬತ್ತುವುದೇಕೆ?

ಇದಕ್ಕೆ ಮೂರು ಕಾರಣಗಳನ್ನು ನಾವು ಗುರುತಿಸಬಹುದು. ಮೊದಲನೆಯದು ದಣಿವು. ನಿದ್ರೆಗೆಟ್ಟ ಮೆದುಳಿಗೆ ಹಳೆಯ ದಾರಿಯಷ್ಟೇ ನೆನಪಾಗುತ್ತದೆ, ಹೊಸ ಜೋಡಣೆ ಹೊಳೆಯುವುದಿಲ್ಲ. ಎರಡನೆಯದು ಹೋಲಿಕೆ. ಮೊಬೈಲಿನಲ್ಲಿ ದಿನಕ್ಕೆ ನೂರು ಚಿತ್ರ ನೋಡಿದವರಿಗೆ ತಮ್ಮ ಕೈಯ ಒಂದು ಬುಟ್ಟಾ ಅಲ್ಪವೆನಿಸುತ್ತದೆ. ಮೂರನೆಯದು ಕೇವಲ ಬೇಡಿಕೆಗಾಗಿ ದುಡಿಯುವುದು. ಕೊಳ್ಳುವವರು ಕೇಳಿದ್ದನ್ನು ಕೊಡುವುದು ಧರ್ಮವೇ. ಆದರೆ ವಾರಕ್ಕೊಂದು ಗಂಟೆಯಾದರೂ ಯಾರೂ ಕೇಳದ, ತನಗಾಗಿಯೇ ಮಾಡಿಕೊಳ್ಳುವ ಒಂದಂಗುಲದ ನಮೂನೆ ಇರಲಿ. ಮಾರುವ ನಮೂನೆಗೂ ಹೊಸ ರಕ್ತ ಹರಿದು ಬರುವುದು ಅಲ್ಲಿಂದಲೇ.

ನಿತ್ಯಸ್ಫೂರ್ತಿಯ ಸೆಲೆಗಳು

ಮೊದಲ ಸೆಲೆ ಅಂಗಳದಲ್ಲಿಯೇ ಇದೆ. ಚುಕ್ಕಿ ರಂಗೋಲಿಯೂ ಕಸೂತಿಯೂ ಒಂದೇ ಗಣಿತದ ಮಕ್ಕಳು. ಚುಕ್ಕಿಗಳ ನಡುವಿನ ಅಂತರವನ್ನು ಎಳೆಗಳ ಎಣಿಕೆಯಾಗಿ ಬದಲಿಸಿ, ಬಾಗಿದ ಗೆರೆಯನ್ನು ಮೆಟ್ಟಿಲಾಗಿಸಿದರೆ ಮುಂಜಾನೆಯ ರಂಗೋಲಿ ಮಧ್ಯಾಹ್ನಕ್ಕೆ ಮುರ್ಗಿಯಾಗುತ್ತದೆ.

ಎರಡನೆಯ ಸೆಲೆ ಹೊಲ ಮತ್ತು ಋತುಮಾನ. ಕಾರಹುಣ್ಣಿಮೆಯಲ್ಲಿ ಸಿಂಗರಿಸಿದ ಎತ್ತಿನ ಕೊಂಬು, ಮಣ್ಣೆತ್ತಿನ ಅಮಾವಾಸ್ಯೆಯ ಮಣ್ಣಿನ ಜೋಡಿ, ನಾಗರಪಂಚಮಿಯ ಜೋಕಾಲಿ, ಎಳ್ಳಮಾವಾಸ್ಯೆಯ ಹೊತ್ತಿಗೆ ತೆನೆಯೊಡೆಯುವ ಜೋಳ, ಹಳದಿಯಿಂದ ಕೆಂಪಿಗೆ ತಿರುಗುವ ಕುಸುಬೆಯ ಹೂವು ಇವುಗಳಲ್ಲಿ ಒಂದೊಂದೂ ಒಂದು ನಮೂನೆ. ವರ್ಷವಿಡೀ ಹಬ್ಬಕ್ಕೊಂದರಂತೆ ಹೊಲಿದಿಟ್ಟರೆ ಅದು ಆ ಮನೆಯ ಪಂಚಾಂಗವೇ ಆಗುತ್ತದೆ.

ಮೂರನೆಯದು ಕಲ್ಲು. ಐಹೊಳೆಯ ದುರ್ಗಗುಡಿಯ ಗೋಡೆಯಲ್ಲಿ ಬಗೆಬಗೆಯ ಜ್ಯಾಮಿತಿಯ ಜಾಲಂಧ್ರಗಳಿವೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ಗುಡಿಗಳಲ್ಲಿ, ಲಕ್ಕುಂಡಿಯ ಕಂಬ ಬಾಗಿಲುವಾಡಗಳಲ್ಲಿ ಬಳ್ಳಿ, ಹೂವು, ಪಟ್ಟಿಕೆಗಳು ಹೇರಳ. ಯಾತ್ರೆಗೆ ಹೋದಾಗ ದರ್ಶನ ಮುಗಿಸಿ ಹತ್ತು ನಿಮಿಷ ಗೋಡೆಯ ಮುಂದೆ ನಿಂತು, ಒಂದೇ ಒಂದು ಪಟ್ಟಿಕೆಯನ್ನು ಕೈಯಿಂದ ಬರೆದುಕೊಳ್ಳಬೇಕು. ಫೋಟೋ ತೆಗೆದುಕೊಂಡರೆ ಅದು ಮೊಬೈಲಿನಲ್ಲಿ ಉಳಿಯುತ್ತದೆ, ಬರೆದುಕೊಂಡರೆ ಬೆರಳಿನಲ್ಲಿ ಉಳಿಯುತ್ತದೆ.

ನಾಲ್ಕನೆಯದು ಮನೆಯ ಪೆಟ್ಟಿಗೆ. ಅಜ್ಜಿಯ ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣದ ಹಳೆಯ ಕುಪ್ಪಸ, ಮದುವೆಯಲ್ಲಿ ಬಂದ ಕಪ್ಪು ಚಂದ್ರಕಾಳಿ ಸೀರೆ ಇವು ಬಟ್ಟೆಗಳಷ್ಟೇ ಅಲ್ಲ, ಓದಬೇಕಾದ ಪುಸ್ತಕಗಳು. ಜೀರ್ಣವಾದ ಸೀರೆಯನ್ನು ಎಸೆಯುವ ಮೊದಲು ಅದರ ನಮೂನೆಯನ್ನು ಚೌಕುಳಿ ಹಾಳೆಯ ಮೇಲೆ ಎಣಿಸಿ ಇಳಿಸಿಕೊಳ್ಳಬೇಕು. ಅಜ್ಜಿ ಬದುಕಿದ್ದರೆ ಆ ನಮೂನೆಯ ಹೆಸರನ್ನೂ ಕೇಳಿ ಬರೆದಿಡಬೇಕು. ಹೆಸರು ಮರೆತ ಮೇಲೆ ಕೇಳಲು ಯಾರೂ ಇರುವುದಿಲ್ಲ.

ಒಂದು ತೆನೆ ಕಸೂತಿಯಾಗುವ ಬಗೆ

ಜೋಳದ ತೆನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲು ತೆನೆಯನ್ನು ಕೈಯಲ್ಲಿ ಹಿಡಿದು ನೋಡಬೇಕು: ನೆಟ್ಟಗಿನ ದಂಟು, ಬಾಗಿದ ಎಲೆ, ಒತ್ತಾದ ಕಾಳು. ಚೌಕುಳಿ ಹಾಳೆಯಲ್ಲಿ ದಂಟಿಗೆ ನೇರ ಗೆರೆ, ಎಲೆಗೆ ಮೆಟ್ಟಿಲು ಗೆರೆ, ಕಾಳಿಗೆ ಅಡ್ಡಗೆರೆಯ ಗುರುತು ಹಾಕಬೇಕು. ಹೊಲಿಗೆಯೊಂದಕ್ಕೆ ನಾಲ್ಕು ಎಳೆಯೆಂದರೆ 12 ಹೊಲಿಗೆಯ ದಂಟಿಗೆ 48 ಎಳೆ ಬೇಕು. ಮೇಲೇರುವಾಗ ಗವಂತಿಯಲ್ಲಿ ಆರು ಹೊಲಿಗೆ ಹೊರಮೈಗೆ, ಆರು ಒಳಮೈಗೆ ಬೀಳುತ್ತವೆ. ಇಳಿಯುವಾಗ ಉಳಿದವು ತುಂಬಿಕೊಳ್ಳುತ್ತವೆ. ಎಲೆ ಕವಲೊಡೆಯುವ ಎಡೆಯಲ್ಲಿ ಎಲೆಯ ತುದಿಯವರೆಗೆ ಹೋಗಿ, ತಿರುಗಿ ದಂಟಿಗೇ ಬಂದು, ಮುಂದಿನ ಪಯಣ ಆರಂಭಿಸಬೇಕು. ಎಲ್ಲ ಕವಲುಗಳನ್ನೂ ಹೋಗಿಬಂದು ಮುಗಿಸಿದಾಗ ದಾರ ಹೊರಟಲ್ಲಿಗೇ ಬಂದು ಸೇರುತ್ತದೆ. ಈ ದಾರಿಯನ್ನು ಸೂಜಿ ಹಿಡಿಯುವ ಮೊದಲೇ ಮನಸ್ಸಿನಲ್ಲಿ ನಡೆದು ನೋಡುವುದು ಬುದ್ಧಿಗೆ ಒಳ್ಳೆಯ ವ್ಯಾಯಾಮ. ಕಾಳುಗಳನ್ನು ಕೊನೆಯಲ್ಲಿ ಮೆಂತೆಯಿಂದ ತುಂಬಬಹುದು. ಒಂದು ಸಲ ತೆನೆ ಬಂದರೆ ನವಣೆ, ಸಜ್ಜೆ, ಗೋದಿಗಳಿಗೆ ದಾರಿ ತೆರೆಯುತ್ತದೆ.

ಕಣ್ಣು, ಕೊರಳು, ಕೈಗಳ ಕಾಳಜಿ

ಕಣ್ಣು: ಹತ್ತಿರದ ಕೆಲಸದಲ್ಲಿ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುವುದರಿಂದ ಕಣ್ಣು ಒಣಗಿ ಉರಿಯುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ ಸುಮಾರು 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕು. ಬಾಗಿಲಾಚೆಯ ಬೇವಿನ ಮರ ಇದಕ್ಕೆ ಸಾಕು. ಕಣ್ಣಿಗೆ ವಿಶ್ರಾಂತಿ, ಕೈಗೆ ಹೊಸ ನಮೂನೆ. ಬಲಗೈಯವರಿಗೆ ಬೆಳಕು ಎಡಗಡೆಯಿಂದ ಬಂದರೆ ಕೈಯ ನೆರಳು ಬಟ್ಟೆಯ ಮೇಲೆ ಬೀಳುವುದಿಲ್ಲ. ಕಪ್ಪು ಬಟ್ಟೆಯ ಕೆಲಸವನ್ನು ಹಗಲಿಗೇ ಮೀಸಲಿಡಬೇಕು. ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡರೆ ಕಪ್ಪು ಎಳೆಗಳ ನಡುವಿನ ಸಂದು ಎದ್ದು ಕಾಣುತ್ತದೆ. 40 ದಾಟಿದ ಮೇಲೆ ಹತ್ತಿರದ ನೋಟ ಮಸುಕಾಗುವುದು ಸಹಜ. ಚಾಳೀಸು ಹಾಕಿಕೊಳ್ಳಲು ನಾಚಿಕೆ ಬೇಡ; ಕಣ್ಣು ಕಿರಿದು ಮಾಡಿ ಹೊಲಿಯುವುದರಿಂದ ತಲೆನೋವೇ ಲಾಭ. ಇಂಥವರು ಎಳೆ ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯನ್ನು ಆರಿಸಿಕೊಳ್ಳಬಹುದು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಲೇಬೇಕು.

ಕೊರಳು ಮತ್ತು ಬೆನ್ನು: ಬಟ್ಟೆಯ ಕಡೆಗೆ ತಲೆ ಬಾಗಿಸುವುದಕ್ಕಿಂತ ಬಟ್ಟೆಯನ್ನೇ ಮೇಲಕ್ಕೆ ತರಬೇಕು. ತೊಡೆಯ ಮೇಲೆ ದಿಂಬಿಟ್ಟು, ಬೆನ್ನಿಗೆ ಗೋಡೆಯ ಆಸರೆ ಪಡೆದು ಕುಳಿತರೆ ಕೊರಳಿನ ಭಾರ ಇಳಿಯುತ್ತದೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು ನೀರು ಕುಡಿಯಬೇಕು.

ಕೈ: ಸೂಜಿಯನ್ನು ಬಿಗಿಯಾಗಿ ಹಿಸುಕಿ ಹಿಡಿಯಬಾರದು. ಆಗಾಗ ಮುಷ್ಟಿ ಬಿಗಿದು ಬಿಚ್ಚಿ, ಮಣಿಕಟ್ಟನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸಾಧ್ಯತೆಯುಂಟು. ವೈದ್ಯರಿಗೆ ತೋರಿಸುವುದನ್ನು ಮುಂದೂಡಬಾರದು.

ಹಲ್ಲು: ದಾರವನ್ನು ಹಲ್ಲಿನಿಂದ ಕಡಿಯುವ ರೂಢಿ ಬಹಳ ಮನೆಗಳಲ್ಲಿದೆ. ವರ್ಷಗಟ್ಟಲೆ ಹೀಗೆ ಮಾಡಿದರೆ ಮುಂದಿನ ಹಲ್ಲಿನ ಅಂಚು ಸವೆದು ಕಚ್ಚು ಬೀಳುತ್ತದೆ. ಒಂದು ಸಣ್ಣ ಕತ್ತರಿಗೆ ದಾರ ಕಟ್ಟಿ ಪಕ್ಕದಲ್ಲಿಟ್ಟುಕೊಂಡರೆ ಈ ತೊಂದರೆಯಿಲ್ಲ. ತುಟಿಗಳ ನಡುವೆ ಸೂಜಿ ಕಚ್ಚಿಕೊಂಡು ಮಾತನಾಡುವುದಂತೂ ಅಪಾಯಕರ. ಮಕ್ಕಳಿರುವ ಮನೆಯಲ್ಲಿ ಎದ್ದೇಳುವ ಮೊದಲು ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಬೇಕು.

ಕೂಡಿ ಕುಳಿತು ಹೊಲಿಯೋಣ

ಸ್ಫೂರ್ತಿ ಒಬ್ಬರಿಂದೊಬ್ಬರಿಗೆ ಹರಿಯುವ ವಸ್ತು. ಶರಣರು ಅನುಭವವನ್ನು ಗೋಷ್ಠಿಯಲ್ಲಿ ಹಂಚಿಕೊಂಡಂತೆ, ವಾರಕ್ಕೊಮ್ಮೆ ನಾಲ್ಕು ಮನೆಯವರು ಒಂದು ಜಗಲಿಯಲ್ಲಿ ಕುಳಿತು ಹೊಲಿದರೆ ನಮೂನೆಗಳು ವಿನಿಮಯವಾಗುತ್ತವೆ, ಮನಸ್ಸಿನ ಭಾರವೂ ಇಳಿಯುತ್ತದೆ. ಅಲ್ಲಿಗೆ ಮಕ್ಕಳೂ ಬರಲಿ, ಹುಡುಗರೂ ಬರಲಿ. ಕಾಯಕದಲ್ಲಿ ಹೆಣ್ಣು ಗಂಡೆಂಬ ಭೇದವನ್ನು ಶರಣರು ಮಾಡಲಿಲ್ಲ. ಮಗು ಮೊದಲು ಹಾಕಿದ ಸೊಟ್ಟ ಹೊಲಿಗೆಯನ್ನು ಬಿಚ್ಚಿಸದೆ ಹಾಗೆಯೇ ಉಳಿಸಿಕೊಳ್ಳಬೇಕು. ಮುಂದಿನ ಸಾಲು ತಾನೇ ನೆಟ್ಟಗಾಗುತ್ತದೆ.

ಪ್ರಾತಃಕಾಲದ ಲಿಂಗಪೂಜೆಯ ಬಳಿಕ ಹದಿನೈದು ನಿಮಿಷವನ್ನು ಇದಕ್ಕಾಗಿ ತೆಗೆದಿಡಿ. ಒಂದು ಹಾಳೆ, ಒಂದು ಪೆನ್ಸಿಲು, ಹಿಂದಿನ ದಿನ ಕಣ್ಣಿಗೆ ಬಿದ್ದ ಒಂದು ಆಕಾರ ಇಷ್ಟಿದ್ದರೆ ಸಾಕು. ತಿಂಗಳಿಗೆ ಮೂವತ್ತು ಆಕಾರಗಳಾಗುತ್ತವೆ. ಅವುಗಳಲ್ಲಿ ಮೂರು ಬಟ್ಟೆಗೇರಿದರೂ ಆ ತಿಂಗಳು ಸಾರ್ಥಕ.