ಹಾರಿಸುವ ಮುನ್ನ ಒಮ್ಮೆ ಎಳೆದು ನೋಡಿ

ನಾನೂ ಮಗನೂ ಸೇರಿ ಕಟ್ಟಿದ ಮೊದಲ ಮಾಡೆಲ್ ಜೆಟ್ ಮೂರನೇ ಹಾರಾಟದಲ್ಲೇ ನೆಲಕ್ಕಪ್ಪಳಿಸಿತು. ಪುಣ್ಯಕ್ಕೆ ಅದು ಬಿದ್ದದ್ದು ಖಾಲಿ ಹೊಲದಲ್ಲಿ. ಎಂಜಿನ್, ರೇಡಿಯೋ ಎಲ್ಲ ಸರಿಯಿದ್ದವು. ರೆಕ್ಕೆಯ ಹಿಂದೆ ಮೇಲೆ ಕೆಳಗೆ ಆಡುವ ಐಲೆರಾನ್‌ನ ಒಂದು ಹಿಂಜ್ ಕಿತ್ತುಬಂದಿತ್ತು. ನಯವಾದ ಪ್ಲಾಸ್ಟಿಕ್ಕಿಗೆ ಅಂಟು ಹಿಡಿದೇ ಇರಲಿಲ್ಲ. ತಪ್ಪು ನನ್ನದೇ.

ಪುಟ್ಟ ಪ್ರೊಪೆಲರ್ ವಿಮಾನಕ್ಕೆ ಸೂಪರ್ ಗ್ಲೂ ಹೀರುವ ತೆಳು ಪಟ್ಟಿಯ ಹಿಂಜ್ ಸಾಕು. ಗಂಟೆಗೆ 150 ಮೈಲಿ ದಾಟುವ ಟರ್ಬೈನ್ ಜೆಟ್ಟಿಗೆ ಲೋಹದ ಪಿನ್ ಇರುವ ಗಟ್ಟಿ ನೈಲಾನ್ ಹಿಂಜೇ ಬೇಕು. ಅದು ಸಡಿಲವಾದರೆ ಆ ವೇಗದಲ್ಲಿ ಐಲೆರಾನ್ ಪಟಪಟನೆ ಬಡಿದುಕೊಳ್ಳುತ್ತದೆ. ಇದಕ್ಕೆ ಫ್ಲಟರ್ ಎನ್ನುತ್ತಾರೆ. ಕ್ಷಣಾರ್ಧದಲ್ಲಿ ಅದು ರೆಕ್ಕೆಯನ್ನೇ ಮುರಿಯಬಲ್ಲದು.

ಎರಡನೇ ಜೆಟ್ಟಿಗೆ ಹಿಂಜ್‌ಗಳನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ ಒರಟು ಮಾಡಿ, ಸ್ಪಿರಿಟ್‌ನಿಂದ ಒರೆಸಿದೆವು. ತಿರುಗುವ ಭಾಗಕ್ಕೆ ತುಸು ವ್ಯಾಸಲೀನ್ ಹಚ್ಚಿದೆವು, ಅಲ್ಲಿ ಅಂಟು ಕೂರಬಾರದಲ್ಲ! 30 ನಿಮಿಷದ ಎಪಾಕ್ಸಿಯನ್ನು ಕಡ್ಡಿಯಿಂದ ತೂತಿನೊಳಗೂ ಹಿಂಜಿಗೂ ಸವರಿದೆವು. ಪಿನ್ನುಗಳೆಲ್ಲ ಒಂದೇ ಗೆರೆಯಲ್ಲಿರುವಂತೆ ಕೂರಿಸಿ, ಅಂಟು ಬಿಗಿಯುವ ಮೊದಲೇ ಐಲೆರಾನನ್ನು ಪೂರ್ತಿ ಆಡಿಸಿ ನೋಡಿ, ರಾತ್ರಿಯಿಡೀ ಒಣಗಲು ಬಿಟ್ಟೆವು.

ಬೆಳಿಗ್ಗೆ ಮಗ ಒಂದೊಂದು ಹಿಂಜಿನ ಬಳಿಯೂ ಹಿಡಿದೆಳೆದ. ಒಂದು ಅಲುಗಿತು. ಕಾರಿಗೆ ಸಾಮಾನೆಲ್ಲ ತುಂಬಿಯಾಗಿತ್ತು. "ಅಪ್ಪಾ, ಇವತ್ತು ಹಾರಿಸೋದು ಬೇಡ" ಅಂದ. ನನಗೆ ಮನಸ್ಸಿರಲಿಲ್ಲ, ಆದರೂ ಸಾಮಾನು ಇಳಿಸಿ ಆ ಹಿಂಜನ್ನು ಮತ್ತೆ ಕೂರಿಸಿದೆವು. ಮುಂದಿನ ವಾರ ಜೆಟ್ ಸುಖವಾಗಿ ಹಾರಿ ಇಳಿಯಿತು.

ಮೈದಾನದ ಅಂಚಿನಲ್ಲಿ ಬೇರೆಯವರ ಮಕ್ಕಳೂ ನಿಂತಿರುತ್ತಾರೆ. ಹಾಗಾಗಿ ಪ್ರತಿ ಸಲವೂ ಹಾರಿಸುವ ಮುನ್ನ ಒಮ್ಮೆ ಎಳೆದು ನೋಡಿ.