ಕೊರವ ಮೀನಿಗೆ ತೇಲುವ ಮತ್ತು ಮುಳುಗುವ ಹುಸಿ ಎರೆ

ಬೆಂಗಳೂರಿನ ಶ್ರೀನಗರಕ್ಕೆ ಸಮೀಪದ ಕೆಂಪಾಂಬುಧಿ ಕೆರೆಯು 16ನೆಯ ಶತಮಾನದ್ದು. ಇಂತಹ ಹಳೆಯ ಕೆರೆಗಳು ಈ ಸೀಮೆಯಲ್ಲಿ ಅನೇಕ. ಊರಿನ ಬಚ್ಚಲ ನೀರು ಸೇರುವ ಕೆರೆ ಬೇಸಿಗೆಯಲ್ಲಿಯೂ ಬತ್ತುವುದಿಲ್ಲ. ಹೀಗೆ ಬತ್ತದ ಕೆರೆ, ಹೊಂಡಗಳಲ್ಲಿ ಕೊರವ ಮೀನು (ಕೆಲವೆಡೆ ಮುರ್ಲು ಎನ್ನುವರು) ಉಳಿದುಬಿಡುತ್ತದೆ. ನೀರಿನಲ್ಲಿ ಪ್ರಾಣವಾಯು ಕಡಿಮೆಯಾದರೆ ಅದು ಮೇಲೆ ಬಂದು ಗಾಳಿ ಕುಡಿದು ಬದುಕುತ್ತದೆ. ಬಿತ್ತನೆ ಮಾಡಿದ ಕಾಟ್ಲ, ರೋಹು ಮರಿಗಳು ಇದಕ್ಕೆ ಸುಲಭದ ಆಹಾರ. ಹಿಡುವಳಿ ಕಡಿಮೆಯಾದಾಗ ರೈತರು ಮರಿ ಕೊಟ್ಟವರನ್ನು ದೂರುವುದುಂಟು. ಎಷ್ಟೋ ವೇಳೆ ತಪ್ಪು ಕೊರವನದು.

ಕಳೆ ತುಂಬಿದ ನೀರಿನಲ್ಲಿ ಬಲೆ ಎಳೆಯುವುದು ಕಷ್ಟ. ಅಲ್ಲಿ ಗಾಳಕ್ಕೆ ಹುಸಿ ಎರೆ ಕಟ್ಟಿ ಹಿಡಿಯುವ ಕ್ರಮ ಉಪಯುಕ್ತ. ಕಾಟ್ಲ ಮೇಲ್ಮೈಯ ಸೂಕ್ಷ್ಮಜೀವಿಗಳನ್ನೂ ಮೃಗಾಲ್ ತಳದ ಕೊಳೆತ ಪದಾರ್ಥವನ್ನೂ ತಿನ್ನುವುದರಿಂದ ಅವು ಸಾಮಾನ್ಯವಾಗಿ ಹುಸಿ ಎರೆಗೆ ಬಾಯಿ ಹಾಕುವುದಿಲ್ಲ. ಬೇಟೆಯಾಡುವ ಮೀನೇ ಇದಕ್ಕೆ ಸಿಕ್ಕುವುದು.

ತೇಲುವ ಎರೆಗಳಲ್ಲಿ ರಬ್ಬರಿನ ಟೊಳ್ಳು ಕಪ್ಪೆ ಉತ್ತಮ. ಅದರ ಎರಡು ಕೊಕ್ಕೆಗಳು ಬೆನ್ನಿಗೆ ಅಂಟಿದಂತಿರುವುದರಿಂದ ಕಳೆಗೆ ಸಿಕ್ಕಿಕೊಳ್ಳುವುದು ಅಪರೂಪ. ಮೀನು ಕಚ್ಚಿದಾಗ ಕಪ್ಪೆ ಚಪ್ಪಟೆಯಾಗಿ ಕೊಕ್ಕೆ ಹೊರಬರುತ್ತದೆ. ಮುಂಜಾನೆ ಅಥವಾ ಸಂಜೆ ಅದನ್ನು ತಾವರೆ ಎಲೆಗಳ ಆಚೆಗೆ ಎಸೆದು ನಿಧಾನವಾಗಿ ಎಳೆಯಬೇಕು. ಎಲೆಗಳ ನಡುವೆ ತೆರವಾದ ನೀರು ಬಂದಲ್ಲಿ ಕ್ಷಣಕಾಲ ನಿಲ್ಲಿಸಬೇಕು. ನೀರು ಸಿಡಿದೊಡನೆ ಜಗ್ಗುವುದೇ ಹೊಸಬರು ಮಾಡುವ ತಪ್ಪು. ಮೀನು ಎರೆಯನ್ನು ಬಾಯೊಳಗೆ ತೆಗೆದುಕೊಂಡು ದಾರ ಬಿಗಿಯಾದ ಮೇಲೆ ಜಗ್ಗತಕ್ಕದ್ದು. ಜೀವಂತ ಕಪ್ಪೆಯನ್ನು ಚುಚ್ಚುವ ರೂಢಿಯನ್ನು ಬಿಡುವುದು ಲೇಸು. ಅದು ಗದ್ದೆಯ ಕೀಟ ತಿನ್ನುವ ಪ್ರಾಣಿ.

ತೂಬಿನ ಬಳಿಯ ಆಳಕ್ಕೆ ಮುಳುಗುವ ಎರೆ ಬೇಕು. ಮರ ಅಥವಾ ಪ್ಲಾಸ್ಟಿಕ್ಕಿನ ಈ ಮೀನಿನ ಗಲ್ಲದ ಕೆಳಗೆ ಒಂದು ತೆಳು ನಾಲಿಗೆಯಿರುತ್ತದೆ. ದಾರ ಎಳೆದಾಗ ನೀರಿನ ಒತ್ತಡವು ನಾಲಿಗೆಯ ಮೇಲೆ ಬಿದ್ದು ಎರೆಯನ್ನು ಕೆಳಕ್ಕೆ ತಳ್ಳುತ್ತದೆ. ಅದು ಓಲಾಡುತ್ತ ಸಾಗುತ್ತದೆ. ನಾಲಿಗೆ ಉದ್ದವಾದಷ್ಟೂ, ದಾರ ಸಣ್ಣದಾದಷ್ಟೂ ಆಳ ಹೆಚ್ಚು. ಎಳೆತ ನಿಂತರೆ ಮೇಲೇಳುವ ಜಾತಿಯನ್ನೇ ಆರಿಸಬೇಕು. ಬೇರಿಗೋ ಕಲ್ಲಿಗೋ ತಗುಲಿದಾಗ ದಾರ ಸಡಿಲಿಸಿದರೆ ಅನೇಕ ಬಾರಿ ಅದು ತಾನೇ ಬಿಡಿಸಿಕೊಂಡು ತೇಲುತ್ತದೆ. ಉತ್ತರ ಅಮೆರಿಕದ ಪಶ್ಚಿಮದ ನದಿಗಳಲ್ಲಿ ಸಾಲ್ಮನ್ ಹಿಡಿಯುವವರು ಇಂತಹ ಎರೆಯನ್ನು ದೋಣಿಯಿಂದ ಹೊಳೆಯ ಸೆಳವಿಗೆ ಒಡ್ಡಿ ಹಿಡಿಯುತ್ತಾರೆ. ಮೊಟ್ಟೆಯಿಡಲು ಹೊಳೆಗೆ ಬಂದ ಸಾಲ್ಮನ್ ಆಹಾರ ಬಿಟ್ಟಿದ್ದರೂ ಓಲಾಡುವ ಎರೆಗೆ ಎರಗುತ್ತದೆ. ಕೆರೆಯಲ್ಲಿ ಸೆಳವಿಲ್ಲದ ಕಾರಣ ಆ ಕೆಲಸವನ್ನು ಕೈಯೇ ಮಾಡಬೇಕು.

ಮಳೆಗಾಲದಲ್ಲಿ ಕೊರವನ ಕೆಂಪು ಮರಿಗಳು ನೀರಿನ ಮೇಲೆ ಗುಂಪಾಗಿ ತೇಲುತ್ತವೆ. ಕೆಳಗೆ ಕಾವಲಿರುವ ತಾಯ್ತಂದೆಗಳು ಎರೆಯ ಮೇಲೆ ಸಿಟ್ಟಿನಿಂದ ಎರಗುತ್ತವೆ. ಸ್ವಂತ ಹೊಂಡದಲ್ಲಾದರೆ ಆಗಲೇ ಹಿಡಿಯುವುದು ಲಾಭ. ಊರ ಕೆರೆಯಲ್ಲಿ ಮಾತ್ರ ಈ ಕಾಲದಲ್ಲಿ ಅವನ್ನು ಬಿಡತಕ್ಕದ್ದು. ಕೊರವ ಒಳ್ಳೆಯ ಬೆಲೆಯ ಮೀನು, ಅದನ್ನು ನಂಬಿ ಬದುಕುವ ಮೀನುಗಾರರೂ ಇದ್ದಾರೆ. ಕೆರೆ ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರ ಒಪ್ಪಿಗೆಯೂ ಅವಶ್ಯ.

ಗಾಳವೊಂದರಿಂದಲೇ ಹೊಂಡ ಶುದ್ಧವಾಗದು. ನೀರು ಬಸಿದು ಒಣಗಿಸಲು ಸಾಧ್ಯವಿದ್ದಲ್ಲಿ ಅದೇ ಮೇಲು. ಆಗದಿದ್ದಲ್ಲಿ, ಮರಿ ಬಿಡುವುದಕ್ಕೆ ಮೂರು ವಾರ ಮೊದಲೇ ಹೆಕ್ಟೇರಿಗೆ 2500 ಕಿಲೋ ಹಿಪ್ಪೆ ಹಿಂಡಿ ಹಾಕಬಹುದು. ಮರಿ ಬಿಟ್ಟ ಮೇಲೆ ಹಿಂಡಿ ಹಾಕಿದರೆ ಅವೂ ಸಾಯುವುದರಿಂದ, ಅಲ್ಲಿಂದ ಮುಂದೆ ಗಾಳವೇ ಗತಿ.